ಒಂದು ಗೇಣು ಬಲಕ್ಕೆ

ಮದ್ದೂರು ತಾಲ್ಲೂಕಿನಲ್ಲಿ ಗುರಿ ತಪ್ಪದವರು ಇಬ್ಬರೇ. ಒಬ್ಬ ಯಮರಾಯ, ಇನ್ನೊಬ್ಬ ತಿಮ್ಮಯ್ಯ. ಯಮರಾಯನಾದರೂ ಅವಸರಕ್ಕೆ ಬಿದ್ದು ಒಮ್ಮೊಮ್ಮೆ ಪಕ್ಕದ ಮನೆಯವನನ್ನು ಎತ್ತಿಕೊಂಡು ಹೋಗಿದ್ದುಂಟು. ತಿಮ್ಮಯ್ಯನ ಕಾರ್ಬೈನು ನಲವತ್ತು ವರ್ಷದಲ್ಲಿ ಒಂದು ಸಲವೂ ದಾರಿ ತಪ್ಪಿದ್ದಿಲ್ಲ. ಅದು ಸಿಡಿದರೆ ಮಳವಳ್ಳಿಯ ತೊಟ್ಟಿಲಲ್ಲಿ ಮಲಗಿದ ಕೂಸು ಎದ್ದು ಕೂರುತ್ತಿತ್ತು. ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಿಂದ ಗಾಬರಿಬಿದ್ದು ಎದ್ದ ಹಕ್ಕಿಗಳು ಮಂಡ್ಯದ ಮೇಲೆ ಮೂರು ಸುತ್ತು ಹಾಕಿ, ಯಾರೂ ಸತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗೂಡಿಗೆ ಮರಳುತ್ತಿದ್ದವು. ಇದನ್ನೆಲ್ಲ ಕಂಡವರು ಯಾರು ಎಂದು ಕೇಳಬಾರದು. ಕಂಡವಳು ಒಬ್ಬಳಿದ್ದಳು, ತಿಮ್ಮಯ್ಯನ ಹೆಂಡತಿ ಹೊಂಬಾಳಮ್ಮ. ಅವಳು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು.

ಕಾರ್ಬೈನು ಎಂದರೆ ಉದ್ದ ರೈಫಲ್ಲಿನ ತಮ್ಮ. ನಳಿಗೆ ಗಿಡ್ಡ, ತೂಕ ಕಡಿಮೆ, ಸಿಟ್ಟು ಜಾಸ್ತಿ. ಊರಿನವರು ಅದನ್ನು ಗಿಡ್ಡಕೋವಿ ಎನ್ನುತ್ತಿದ್ದರು. ತಿಮ್ಮಯ್ಯನ ಅಪ್ಪ ಶಿವಯ್ಯ ಮಂಡ್ಯದಲ್ಲಿ ನೆಲೆಸಿದ್ದ ಒಬ್ಬ ಮಿಲಿಟರಿ ಅಧಿಕಾರಿಗೆ ಒಂದು ಜೊತೆ ಎತ್ತು ಕೊಟ್ಟು ಅದನ್ನು ತಂದಿದ್ದ. ಶಿವಯ್ಯ ಕಾಲವಾದ ಮೇಲೆ ಲೈಸೆನ್ಸು ತಿಮ್ಮಯ್ಯನ ಹೆಸರಿಗೆ ಬಂತು. ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ವರ್ಷಕ್ಕೆ ಒಂದೆರಡು ಸಲ ಆಕಾಶಕ್ಕೆ ಹೊಡೆಯುವುದು ಬಿಟ್ಟರೆ ಅದಕ್ಕೆ ಇದ್ದದ್ದು ಒಂದೇ ಕೆಲಸ. ಅದು ವಿಜಯದಶಮಿಯ ಬೆಳಗಿನದು.

ಚಿಕ್ಕರಸಿನಕೆರೆಯ ಸುತ್ತಲಿನ ಮನೆಗಳಲ್ಲೆಲ್ಲ ಆಯುಧಪೂಜೆಗೆ ಮಚ್ಚು, ಗುದ್ದಲಿ, ಟ್ರ್ಯಾಕ್ಟರು ಕುಂಕುಮ ಹಚ್ಚಿಸಿಕೊಂಡರೆ ಈ ಮನೆಯಲ್ಲಿ ಕೋವಿ ಹಚ್ಚಿಸಿಕೊಳ್ಳುತ್ತಿತ್ತು. ಮಾರನೆಯ ಬೆಳಿಗ್ಗೆ ಗದ್ದೆಯ ಕೊನೆಯಲ್ಲಿ, ನಾಲೆಯ ಏರಿಗೆ ಒರಗಿದ ಕಲ್ಲಿನ ಮೇಲೆ ಒಂದು ತೆಂಗಿನಕಾಯಿ ಇಟ್ಟು ತಿಮ್ಮಯ್ಯ ಹೊಡೆಯಬೇಕು. ಸಿಡಿದ ಚೂರುಗಳನ್ನು ಆಯ್ದು ತಂದು ಪಾಯಸಕ್ಕೆ ಹಾಕಿದ ಮೇಲೇ ಮನೆಯವರು ಊಟಕ್ಕೆ ಕೂರುವುದು. ಹೊಂಬಾಳಮ್ಮ ಆರತಿ ತಟ್ಟೆ ಹಿಡಿದು ಗಂಡನ ಬಲಭುಜದ ಹತ್ತಿರ ನಿಲ್ಲುತ್ತಿದ್ದಳು. ತಟ್ಟೆ ಅಲುಗುತ್ತಿರಲಿಲ್ಲ, ಬಾಯಿ ಅಲುಗುತ್ತಿತ್ತು.

ಅವಳ ಬಾಯಿಯ ಸಂಗತಿ ಹೇಳಲೇಬೇಕು. ತಿಮ್ಮಯ್ಯ ಜಗಲಿಯ ಮೇಲೆ ಕೂತು ಬಂದವರಿಗೆ ಇನ್ನೂರು ಗಜದಿಂದ ಕಾಯಿ ಹೊಡೆದೆ ಎಂದರೆ ಅಡುಗೆಮನೆಯಿಂದ "ಅರವತ್ತು" ಎಂದು ಕೇಳುತ್ತಿತ್ತು. ನಾಲ್ಕು ಹಂದಿ ಎಂದರೆ "ಒಂದು, ಅದೂ ಮರಿ" ಎಂದು ಬರುತ್ತಿತ್ತು. ತಿಮ್ಮಯ್ಯ ಬೈಯುತ್ತಿದ್ದ, ಬಂದವರು ನಗುತ್ತಿದ್ದರು, ಅವಳು ಒಗ್ಗರಣೆ ಹಾಕುತ್ತಿದ್ದಳು. ನಲವತ್ತೊಂಬತ್ತು ವರ್ಷದ ಸಂಸಾರ ಹೀಗೆ ಕಳೆದಿತ್ತು. ಅವನು ಗಾಳಿ ತುಂಬುವುದು, ಅವಳು ಸೂಜಿ ಚುಚ್ಚುವುದು.

ದಸರೆಗೆ ಮೂರು ವಾರವಿದ್ದಾಗ ಒಂದು ಭಾನುವಾರ, ಮುದ್ದೆ ಉಪ್ಸಾರಿನ ಮುಂದೆ ಜಗಳ ಎದ್ದಿತು. ಮಗ ಶಿವರಾಜು ಮದ್ದೂರು–ಮಳವಳ್ಳಿ ಬಸ್ಸಿನ ಕಂಡಕ್ಟರು. ತಿಂಗಳಿಗೆ ಎರಡು ಭಾನುವಾರ ಮನೆಯಲ್ಲಿ ಉಣ್ಣುವವನು. ಡಿಸೆಂಬರಿಗೆ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ರಿನಿವಲ್ ಎಂದರೆ ಮಂಡ್ಯಕ್ಕೆ ಮೂರು ಸಲ ಓಡಾಟ, ಡಾಕ್ಟರ ಸರ್ಟಿಫಿಕೇಟು, ಠಾಣೆಯ ವರದಿ. ಎಲೆಕ್ಷನ್ ಬಂದಾಗಲೆಲ್ಲ ಕೋವಿ ಹೊತ್ತು ಠಾಣೆಗೆ ಇಟ್ಟು, ಮುಗಿದ ಮೇಲೆ ತರುವುದು ಬೇರೆ. ಈ ನಾಡಿನಲ್ಲಿ ಎಲೆಕ್ಷನ್ ಇಲ್ಲದ ತಿಂಗಳಾದರೂ ಯಾವುದು? ಇದನ್ನೆಲ್ಲ ಶಿವರಾಜು ಮುದ್ದೆ ಮುರಿಯುತ್ತ, ಸ್ಟಾಪುಗಳ ಹೆಸರು ಕೂಗುವ ಹಾಗೆ ಒಂದೊಂದಾಗಿ ಹೇಳಿದ. ಕೊನೆಗೆ ವಿಷಯಕ್ಕೆ ಬಂದ.

"ಈ ಸಲ ರಿನಿವಲ್ ಬ್ಯಾಡ ಕಣಪ್ಪ. ಠಾಣೆಗೆ ಒಪ್ಪಿಸ್ಬುಡವ."

"ನಿಮ್ಮವ್ವನ್ನ ಮಣ್ಣಿಗೆ ಒಪ್ಪಿಸಿ ಇನ್ನೂ ವರ್ಸ ತುಂಬಿಲ್ಲ" ಎಂದ ತಿಮ್ಮಯ್ಯ. "ಇದ್ನೂ ಒಪ್ಪಿಸ್ಬುಟ್ಟು ನಾನು ಯಾರ್ ಮಕ ನೋಡ್ಕಂಡು ಕುಂತಿರ್ಲಿ?"

ಸೊಸೆ ಕುಸುಮ ಸಾರು ಬಡಿಸಲು ಬಂದವಳು ಸೌಟು ಹಿಡಿದು ಅಲ್ಲೇ ನಿಂತಳು. ಊರಿನ ಹಾಲಿನ ಡೈರಿಯ ಸೆಕ್ರೆಟರಿ ಅವಳು. ದಿನಕ್ಕೆ ಎರಡು ಹೊತ್ತು ಇಡೀ ಊರಿನ ಹಾಲು ಅಳೆಯುವವಳಿಗೆ ಮಾತು ಅಳೆಯುವ ಅಭ್ಯಾಸವೂ ಇತ್ತು. ಆದರೆ ಈ ಒಂದು ವಿಷಯ ಅವಳ ಗಂಟಲಲ್ಲಿ ಹನ್ನೊಂದು ತಿಂಗಳಿಂದ ಸಿಕ್ಕಿಕೊಂಡಿತ್ತು.

"ಅತ್ತೆ ಮಲಗ್ತಿದ್ದ ಮಂಚದ್ ಮ್ಯಾಲೆ ಕೋವಿ ಮಲಗ್ಸಿದ್ದೀರಿ ಮಾವ. ಅವ್ರ ದುಪ್ಟಿ ಬ್ಯಾರೆ ಒದ್ಸಿದ್ದೀರಿ. ಕಸ ಗುಡ್ಸಕ್ಕೆ ಓದಾಗೆಲ್ಲ ಎದೆ ಝಲ್ ಅಂತದೆ."

"ನಿಮ್ಮತ್ತೆ ಎದ್ದು ಬಯ್ಯೋಳು. ಇದು ಸುಮ್ಕೆ ಮಲಗಿರ್ತದೆ. ಯಾಕವ್ವ ಬಯ?"

ಅವನು ತಮಾಷೆಗೆ ಹೇಳಿದ್ದು. ಯಾರೂ ನಗಲಿಲ್ಲ. ಕುಸುಮ ಸಾರು ಬಡಿಸದೆಯೇ ಒಳಗೆ ಹೋದಳು. ಶಿವರಾಜು ತಟ್ಟೆಯಲ್ಲಿ ಉಪ್ಪಿನಿಂದ ಗೆರೆ ಎಳೆಯುತ್ತ, ಅಪ್ಪನಿಗೆ ಕಣ್ಣು ಮಂಜು, ಕೈ ನಡುಕ, ಕೋವಿಗೂ ವಯಸ್ಸಾಯಿತು, ಈಗ ಕಾನೂನೂ ಬಿಗಿ, ಎಲ್ಲಾದರೂ ಹೆಚ್ಚುಕಮ್ಮಿಯಾದರೆ ತನ್ನ ಕೆಲಸಕ್ಕೂ ಕುತ್ತು ಎಂದ. ಕಣ್ಣಿನ ಮಾತಿಗೂ ಕೈಯ ಮಾತಿಗೂ ತಿಮ್ಮಯ್ಯ ಸುಮ್ಮನಿದ್ದ. ಕೋವಿಗೆ ವಯಸ್ಸಾಯಿತು ಎಂದದ್ದೇ ತಡ, ಎಡಗೈಯಲ್ಲಿ ನೀರಿನ ಚೊಂಬು ಎತ್ತಿ ಕುಕ್ಕಿದ.

"ದಶ್ಮಿ ದಿನ ಕಾಯಿ ಒಡೀತೀನಿ. ಒಡುದ್ರೆ ನೀನೇ ರಜ ಆಕಿ ಮಂಡ್ಯಕ್ಕೋಗಿ ರಿನಿವಲ್ ಮಾಡ್ಸ್ಕ ಬರ್ಬೇಕು. ಒಡೀದಿದ್ರೆ ನಾನೇ ಒತ್ಕಂಡೋಗಿ ಠಾಣೇಲಿ ಕೊಟ್ಟು ಬತ್ತೀನಿ. ನಿನ್ನ ಬಸ್ನಲ್ಲೇ. ಟಿಕೆಟ್ ತಕ್ಕಂಡು."

ಶಿವರಾಜು ಒಪ್ಪಿದ. ಒಪ್ಪಿದ ಮೇಲೆ ಅಪ್ಪನ ಮುಖ ನೋಡಿ, ಒಪ್ಪಬಾರದಿತ್ತೇನೋ ಅಂದುಕೊಂಡ. ಆದರೆ ನಾಲ್ಕೂವರೆಗೆ ಡ್ಯೂಟಿ ಇತ್ತು, ಎದ್ದು ಹೊರಟ.

ಆಮೇಲಿನ ದಿನಗಳು ಒಂದೊಂದೂ ಒಂದೊಂದು ಯುಗದಷ್ಟು ಉದ್ದ ಇದ್ದವು. ಶಿವರಾಜು ಬೆಳಕು ಹರಿಯುವ ಮುಂಚೆ ಡಿಪೋಗೆ, ಕುಸುಮ ಆರಕ್ಕೆ ಡೈರಿಗೆ, ಅಲ್ಲಿಂದ ಬಂದು ಅಡುಗೆ ಮಾಡಿ ಮುಚ್ಚಿಟ್ಟು ಹತ್ತಕ್ಕೆ ಸ್ತ್ರೀಶಕ್ತಿ ಸಂಘದ ಸಭೆಗೋ ಬ್ಯಾಂಕಿಗೋ. ಮೊಮ್ಮಗಳು ದೀಪಿಕ ಮಂಡ್ಯದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಮನೆಯಲ್ಲಿ ನಾಲ್ಕು ಜನ ಎಂದು ರೇಷನ್ ಕಾರ್ಡು ಹೇಳುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಉಣ್ಣಲು ಕೂತರೆ ತಿಮ್ಮಯ್ಯನೂ ಮುಚ್ಚಿದ ತಟ್ಟೆಯೂ ಅಷ್ಟೇ. ಮುದ್ದೆ ಆರಿ ಕಲ್ಲಾಗಿರುತ್ತಿತ್ತು. ಅದನ್ನು ಕೋವಿಗೆ ತುಂಬಿ ಹೊಡೆದಿದ್ದರೆ ನಾಲೆಯ ಆಚೆ ದಡದ ತೆಂಗಿನಮರ ಎರಡು ತುಂಡಾಗುತ್ತಿತ್ತು. ಹಾಗೆಂದು ಅವನು ಗಟ್ಟಿಯಾಗಿ ಹೇಳಿದ. ಹೇಳಿ, ಅಡುಗೆಮನೆಯ ಕಡೆ ಕಿವಿಗೊಟ್ಟ. ಅಲ್ಲಿ ಫ್ರಿಜ್ಜು ಗುರುಗುಟ್ಟುತ್ತಿತ್ತು.

ಊಟವಾದ ಮೇಲೆ ಮರಿಯಯ್ಯನ ಟೀ ಅಂಗಡಿ. ಅಲ್ಲಿ ಬೆಂಚು ತುಂಬ ಜನ ಇರುತ್ತಿದ್ದರು, ಎಲ್ಲರ ಕಣ್ಣೂ ಮೊಬೈಲಿನಲ್ಲಿ. ತಿಮ್ಮಯ್ಯ ಇನ್ನೂರು ಗಜದಿಂದ ಶುರು ಮಾಡಿದ. ಯಾರೋ "ಹೂಂ" ಎಂದರು. ಮಾರನೆಯ ದಿನ ಮುನ್ನೂರು ಗಜ ಮಾಡಿದ. "ಹೂಂ." ವಾರ ಕಳೆಯುವುದರೊಳಗೆ ಕಾಯಿ ಐನೂರು ಗಜ ದಾಟಿ, ನಾಲೆ ದಾಟಿ, ಭಾರತೀನಗರದ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ಕೂತಿತ್ತು. ತಿಮ್ಮಯ್ಯ ಅದನ್ನು ಊರಿನಿಂದಲೇ ಹೊಡೆದ. ಒಬ್ಬನೂ ತಲೆ ಎತ್ತಲಿಲ್ಲ. ಮರಿಯಯ್ಯ ಲೋಟ ತೊಳೆಯುತ್ತ, ಸಕ್ಕರೆ ಹಾಕಲೋ ಬೇಡವೋ ಎಂದು ಕೇಳಿದ. ಅಲ್ಲ ಎನ್ನುವವರು ಒಬ್ಬರೂ ಇಲ್ಲದ ಊರಿನಲ್ಲಿ ಎಷ್ಟು ದೊಡ್ಡ ಮಾತಾಡಿದರೂ ಒಂದೇ ಎಂದು ಅವತ್ತು ತಿಮ್ಮಯ್ಯನಿಗೆ ಗೊತ್ತಾಯಿತು. ಟೀ ಅರ್ಧಕ್ಕೆ ಬಿಟ್ಟು ಎದ್ದು ಬಂದ.

ದಸರೆಗೆ ಒಂದು ವಾರವಿದ್ದಾಗ, ನಡು ಮಧ್ಯಾಹ್ನ, ಅವನೊಬ್ಬನೇ ಗದ್ದೆಗೆ ಹೋಗಿ ಪರೀಕ್ಷೆ ನೋಡಿದ. ಗುಂಡುಗಳು ಇದ್ದದ್ದು ಐದು, ಹೊಂಬಾಳಮ್ಮನ ಎಲಡಿಕೆ ಚೀಲದಲ್ಲಿ. ಒಂದೊಂದಕ್ಕೂ ಸುಣ್ಣದ ವಾಸನೆ. ಮೊದಲನೆಯದು ಟಿಕ್ ಎಂದು ಸುಮ್ಮನಾಯಿತು. ಎರಡನೆಯದು ಸಿಡಿಯಿತು. ಹಕ್ಕಿಗಳು ಎದ್ದವು, ಎಮ್ಮೆ ಹಗ್ಗ ಕಿತ್ತಿತು, ಕಾಯಿ ಮಾತ್ರ ಇದ್ದಲ್ಲೇ ಕೂತು ಅವನನ್ನೇ ನೋಡುತ್ತಿತ್ತು. ಗುಂಡು ಕಾಯಿಯ ಎಡಗಡೆ, ಏರಿಯ ಮಣ್ಣಿನಲ್ಲಿ ಹುದುಗಿತ್ತು. ಗಾಳಿ, ಎಂದುಕೊಂಡ. ಕಬ್ಬಿನ ಸೋಗೆ ಒಂದೂ ಅಲುಗುತ್ತಿರಲಿಲ್ಲ.

ರಜಕ್ಕೆ ಬಂದ ದೀಪಿಕ ಅಜ್ಜಿಯ ಮಂಚದ ಮೇಲಿನ ದುಪ್ಪಟಿ ಸರಿಸಿ ಕೋವಿ ಎತ್ತಿಕೊಂಡಳು. ಕಾಲೇಜಿನಲ್ಲಿ ಅವಳು ಎನ್‌ಸಿಸಿ; ಕ್ಯಾಂಪಿನಲ್ಲಿ ಮಲಗಿ ಐದು ಗುಂಡು ಹೊಡೆದು ಐದನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸಿದವಳು. ಇದು ಮಾತ್ರ ಸುಳ್ಳಲ್ಲ, ಅವಳ ಹತ್ತಿರ ತೂತುಬಿದ್ದ ಆ ಗುರಿಯ ಕಾಗದ ಇತ್ತು. ಕುಸುಮ ಬಾಗಿಲಲ್ಲೇ ನಿಂತು ಅದನ್ನು ಕೆಳಗಿಡೇ ಎಂದು ಗದರಿದಳು. ದೀಪಿಕ ಗುಂಡಿಲ್ಲವೆಂದು ನೋಡಿ, ಅವ್ವನಿಗೂ ತೋರಿಸಿ, ಗುಂಡು ತುಂಬುವಾಗ ಹಿಂದಕ್ಕೆಳೆಯುವ ಬೋಲ್ಟು ಎಳೆದಳು. ಅದು ಹಳೆಯ ಬಾಗಿಲಿನಂತೆ ಅಂಟಂಟಾಗಿ ಬಂತು.

"ಇದ್ಕೆ ಯಾವ್ ಎಣ್ಣೆ ಹಾಕ್ತಿದ್ದೀಯ ತಾತ?"

"ಅರಳೆಣ್ಣೆ. ಗಾಣದ್ದು, ಸಂದಾಗಿರದು."

ಅಜ್ಜಿ ಯಾವುದು ಹಾಕುತ್ತಿದ್ದಳು ಎಂದು ಕೇಳಿದ್ದಕ್ಕೆ ತಿಮ್ಮಯ್ಯನಿಗೆ ಗೊತ್ತಿರಲಿಲ್ಲ. ಕೋವಿ ಒರೆಸುವುದು ಯಾವತ್ತೂ ಅವಳ ಕೆಲಸವಾಗಿತ್ತು. ಹೊಲಿಗೆ ಮಿಷನ್ನಿನ ಎಣ್ಣೆ ಎಂದು ಕುಸುಮ ಹೇಳಿದಳು. ಆ ಪುಟ್ಟ ಡಬ್ಬ ಈಗಲೂ ಮಿಷನ್ನಿನ ಡ್ರಾಯರಿನಲ್ಲಿತ್ತು. ಹನ್ನೊಂದು ತಿಂಗಳು ಅರಳೆಣ್ಣೆ ಕುಡಿದ ಕೋವಿ ಟಿಕ್ ಎನ್ನದೆ ಇನ್ನೇನು ಎನ್ನುತ್ತದೆ? ದೀಪಿಕ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ನಳಿಗೆಯ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು. ಗುರಿ ನೋಡುವ ಮೊನೆ ಬಲಕ್ಕೆ ವಾಲಿತ್ತು.

"ಮೊನೆ ಹಿಂಗ್ ವಾಲಿದ್ರೆ ಗುಂಡು ಎಡಕ್ಕೇ ಹೋಗೋದು ತಾತ. ಇದು ಇವತ್ತು ನಿನ್ನೆ ಬಗ್ಗಿರೋದಲ್ಲ. ಬಗ್ಗಿರೋ ಜಾಗನೂ ಸವೆದು ನುಣ್ಣಗಾಗದೆ. ಮುತ್ತಾತನ ಕಾಲದ್ದೇ ಇರ್ಬೇಕು. ನೀನು ಇಷ್ಟ್ ವರ್ಷ ಕಾಯಿ ಹೆಂಗ್ ಹೊಡ್ದೆ?"

ತಿಮ್ಮಯ್ಯ ಬಾಯಿ ತೆರೆದ. ಮೂರು ತಾಲ್ಲೂಕಿನ ಸುಳ್ಳುಗಳೆಲ್ಲ ಅಲ್ಲಿ ಸಾಲುಗಟ್ಟಿ ನಿಂತಿದ್ದವು, ಒಂದೂ ಹೊರಗೆ ಬರಲಿಲ್ಲ. ಬದಲಿಗೆ ಬಲಕಿವಿಯ ಹತ್ತಿರ ನಲವತ್ತು ವರ್ಷದ ವಿಜಯದಶಮಿಗಳು ಒಟ್ಟಿಗೆ ಮಾತಾಡಿದವು. ಒಂದು ಗೇಣು ಬಲಕ್ಕೆ ಇಡಿ. ಪ್ರತಿ ವರ್ಷವೂ, ಆರತಿ ತಟ್ಟೆಯ ಹಿಂದಿನಿಂದ, ಅದೇ ಮಾತು. ಪ್ರತಿ ವರ್ಷವೂ ಅವನು ಮುಚ್ಚೇ ಬಾಯಿ ಎನ್ನುತ್ತಿದ್ದ, ಅವಳ ಗೊಣಗಾಟ ನಿಲ್ಲಲೆಂದೇ ಒಂಚೂರು ಬಲಕ್ಕೆ ಸರಿಸುತ್ತಿದ್ದ, ಕಾಯಿ ಸಿಡಿಯುತ್ತಿತ್ತು, ಸಿಡಿದದ್ದು ತನ್ನ ಕೈಗುಣ ಎಂದುಕೊಳ್ಳುತ್ತಿದ್ದ.

"ಸುಮ್ಕೆ ಒಡೀತಿದ್ದೆ ಕನವ್ವ" ಎಂದಷ್ಟೇ ಹೇಳಿದ.

ಮೊನೆಯನ್ನು ಸರಿಮಾಡಿಸಲು ಮೈಸೂರಿಗೆ ಹೋಗೋಣವೆಂದು ದೀಪಿಕ ಕರೆದಳು. ಅವನು ಬೇಡವೆಂದ. ಮಿಷನ್ನಿನ ಡಬ್ಬ ತಂದು ಬೋಲ್ಟಿಗೆ ಎಣ್ಣೆ ಬಿಟ್ಟ.

ವಿಜಯದಶಮಿಯ ಬೆಳಿಗ್ಗೆ ನೋಡಲು ಬಂದವರು ಹನ್ನೆರಡು ಜನ. ಒಂದು ಕಾಲದಲ್ಲಿ ಮಂಡ್ಯ ಜಿಲ್ಲೆಗೆ ಜಿಲ್ಲೆಯೇ ಆ ಗದ್ದೆಯ ಬದುವಿನ ಮೇಲೆ ನಿಂತಿರುತ್ತಿತ್ತು. ಈಗ ಹನ್ನೆರಡು, ಅದರಲ್ಲಿ ಮೂವರು ಹಾಲು ಹಾಕಲು ಹೊರಟವರು. ನಾಲೆಯ ಏರಿಯ ಮೇಲೆ ಯಾರೂ ಬರದಂತೆ ಶಿವರಾಜು ಆಚೆ ಈಚೆ ನಿಂತು ಕೈ ಬೀಸಿ ನೋಡಿಕೊಂಡ. ಕುಸುಮ ಡೈರಿಯನ್ನು ಅರ್ಧ ಗಂಟೆ ಬೇರೆಯವರಿಗೆ ಒಪ್ಪಿಸಿ, ಯಾರೂ ಹೇಳದಿದ್ದರೂ ಆರತಿ ತಟ್ಟೆ ಹಿಡಿದು ಬಂದು, ಅತ್ತೆ ನಿಲ್ಲುತ್ತಿದ್ದರೆಂದು ಕೇಳಿದ್ದ ಜಾಗದಲ್ಲಿ, ಮಾವನ ಬಲಭುಜದ ಹತ್ತಿರ ನಿಂತಳು. ತಿಮ್ಮಯ್ಯ ಅದನ್ನು ನೋಡಿ ಎಲಡಿಕೆ ಚೀಲದ ದಾರ ಬಿಚ್ಚಿದ.

ಉಳಿದಿದ್ದ ಗುಂಡು ಮೂರು.

ಮೊದಲನೆಯದನ್ನು ಅವನು ಹಟಕ್ಕೆ ನೇರವಾಗಿ ಹೊಡೆದ. ಎನ್‌ಸಿಸಿಯ ಹುಡುಗಿಗೆ ಏನು ಗೊತ್ತು, ಗಿಡ್ಡಕೋವಿಗೆ ತನ್ನ ಯಜಮಾನ ಗೊತ್ತು. ಎಡಗಡೆ ಮಣ್ಣು ಹಾರಿತು. ಎರಡನೆಯದಕ್ಕೆ ಒಂದು ಗೇಣು ಬಲಕ್ಕೆ ಹಿಡಿದ. ಈ ಸಲ ಬಲಗಡೆ ಮಣ್ಣು ಹಾರಿತು. ಬದುವಿನ ಮೇಲೆ ಯಾರೋ, ಕಾಯಿಗೆ ಆಯಸ್ಸು ಗಟ್ಟಿ ಎಂದರು. ತಿಮ್ಮಯ್ಯ ತನ್ನ ಎಡಗೈ ಬಿಚ್ಚಿ ನೋಡಿಕೊಂಡ. ಗುದ್ದಲಿಯಂಥ ಅಂಗೈ, ಹೊಂಬಾಳಮ್ಮನ ಗೇಣು ಇದಕ್ಕಿಂತ ಚಿಕ್ಕದು. ಅವಳು ಹೇಳುತ್ತಿದ್ದದ್ದು ತನ್ನ ಕೈ ಲೆಕ್ಕದಲ್ಲಿ. ಆ ಕೈ ಎಷ್ಟಿತ್ತು? ನಲವತ್ತೊಂಬತ್ತು ವರ್ಷ ತಟ್ಟೆಗೆ ಮುದ್ದೆ ಇಟ್ಟ ಕೈ. ಬೆರಳು ಮುಚ್ಚಿದರೆ ಎಷ್ಟು, ಬಿಚ್ಚಿದರೆ ಎಷ್ಟು, ಅವನಿಗೆ ನೆನಪಾಗಲಿಲ್ಲ.

ಮೂರನೆಯ ಗುಂಡು ತುಂಬಿ ಕೋವಿ ಎತ್ತಿದ. ಕೆನ್ನೆಗೆ ಮರ ತಾಗಿತು. ಕಾಯಿ ಎರಡಾಗಿ ಕಂಡಿತು, ಮತ್ತೆ ಒಂದಾಯಿತು. ಅವನು ಕಣ್ಣು ಕಾಯಿಯ ಮೇಲಿಟ್ಟೇ ಬಲಗಡೆಗೆ ಕೇಳಿದ.

"ಎಷ್ಟು?"

ಕುಸುಮ ಬೆಚ್ಚಿದಳು. ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಈ ಹೊತ್ತಿನಲ್ಲಿ ಅವಳು ಒಂದು ಸಲವೂ ಗದ್ದೆಯಲ್ಲಿರಲಿಲ್ಲ. ಡೈರಿಯಲ್ಲೋ ಒಲೆಯ ಮುಂದೋ ಇರುತ್ತಿದ್ದಳು. ಅತ್ತೆ ಇಲ್ಲಿ ನಿಂತು ಏನು ಹೇಳುತ್ತಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ. ತಟ್ಟೆಯ ಕರ್ಪೂರ ಅಲುಗಿತು.

"ನಂಗೊತ್ತಿಲ್ಲ ಮಾವ" ಎಂದಳು.

ತಿಮ್ಮಯ್ಯ ಕೋವಿ ಇಳಿಸಿ, ಬೋಲ್ಟು ಎಳೆದು, ಗುಂಡು ತೆಗೆದು ಎಲಡಿಕೆ ಚೀಲಕ್ಕೆ ಹಾಕಿ ದಾರ ಬಿಗಿದ. ಸೋತೆ ಎಂದ. ಇನ್ನೊಂದು ಗುಂಡು ಇದೆಯಲ್ಲ ಎಂದು ಬದುವಿನ ಮೇಲಿನವರು ಕೂಗಿದರು. ಅವನು ಕೇಳಿಸಿಕೊಳ್ಳಲಿಲ್ಲ.

ಕಾಯಿಯನ್ನು ಕುಸುಮ ತಂದು ಹೊಸ್ತಿಲ ಪಕ್ಕದ ಕಲ್ಲಿಗೆ ಕುಕ್ಕಿ ಒಡೆದಳು. ಅದು ಒಂದೇ ಏಟಿಗೆ ನೀಟಾಗಿ ಎರಡಾಯಿತು. ಪಾಯಸವೂ ಆಯಿತು. ಊಟಕ್ಕೆ ಕೂತಾಗ ಶಿವರಾಜು ಎಲೆ ನೋಡುತ್ತ, "ಓಗ್ಲಿ ಬುಡಪ್ಪ. ನಾನು ರಜ ಆಕಿ ರಿನಿವಲ್ ಮಾಡಿಸ್ಕ ಬತ್ತೀನಿ. ಕೋವಿ ಇರ್ಲಿ" ಎಂದ. ಕುಸುಮ ಗಂಡನ ಮಾತಿಗೆ ಅಡ್ಡ ಬರಲಿಲ್ಲ. ಮಾವನ ಎಲೆಗೆ ಇನ್ನೊಂದು ಸೌಟು ಪಾಯಸ ಹಾಕಿದಳು.

"ಮಾತು ಅಂದ್ರೆ ಮಾತು ಕಣ್ಲಾ" ಎಂದ ತಿಮ್ಮಯ್ಯ. "ಅದು ನನ್ ತಾವ ಸರ್ಯಾಗಿ ಒಡೀತಿರ್ಲಿಲ್ಲ. ಅವ್ಳ್ ತಾವ ಒಡೀತಿತ್ತು."

ಮುಂದಿನ ವಾರ ಅವನು ಕೋವಿಯನ್ನು ಹೊಂಬಾಳಮ್ಮನ ದುಪ್ಪಟಿಯಲ್ಲಿ ಸುತ್ತಿ, ಲೈಸೆನ್ಸು ಪುಸ್ತಕವನ್ನು ಜೇಬಿಗಿಟ್ಟು, ಶಿವರಾಜುವಿನ ಬಸ್ಸನ್ನೇ ಕಾದು ಹತ್ತಿದ. ಬಸ್ಸಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಹೆಂಗಸರು, ಎಲ್ಲರಿಗೂ ಫ್ರೀ. ಹಣ ಕೊಟ್ಟು ಟಿಕೆಟ್ ತೆಗೆದುಕೊಂಡ ಗಂಡಸು ತಿಮ್ಮಯ್ಯ ಒಬ್ಬನೇ ಇರಬೇಕು. ಮಗ ಮಿಷನ್ನು ಒತ್ತಿ ಚೀಟಿ ಹರಿದು ಕೊಡುವಾಗ ಅಪ್ಪನ ಮುಖ ನೋಡಲಿಲ್ಲ. ಚಿಲ್ಲರೆಯನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ ಹೋದ.

ಮದ್ದೂರಿನ ಠಾಣೆಯಲ್ಲಿ ಕನಕರಾಜು ಎಂಬ ರೈಟರು ಇದ್ದ. ವಯಸ್ಸಿನ ಹುಡುಗ, ಅಕ್ಷರ ಮುತ್ತಿನಂಥದ್ದು. ನಂಬರು ಬರೆದುಕೊಂಡ, ಉಳಿದ ಗುಂಡು ಒಂದು ಎಂದು ಬರೆದುಕೊಂಡ, ಆಮೇಲೆ ಪೆನ್ನು ಎತ್ತಿ ಕೇಳಿದ: ಕಂಡೀಷನ್ ಹೆಂಗಿದೆ ಯಜಮಾನ್ರೆ, ಸರಿಯಾಗಿ ಹೊಡೆಯುತ್ತಾ?

ತಿಮ್ಮಯ್ಯನ ನಾಲಿಗೆಯ ತುದಿಗೆ ಮಳವಳ್ಳಿಯ ಕೂಸು ಬಂತು, ಬೆಳ್ಳೂರಿನ ಹಕ್ಕಿಗಳು ಬಂದವು, ಯಮರಾಯ ಕೋಣದ ಸಮೇತ ಬಂದ. ಅವನು ಎಲ್ಲರನ್ನೂ ನುಂಗಿಕೊಂಡ.

"ಒಂದು ಗೇಣು ಎಡಕ್ಕೆ ಒಡೀತದೆ ಸ್ವಾಮಿ. ಬಲಕ್ಕೆ ಇಡೀಬೇಕು. ಗಂಡಸ್ರ ಗೇಣಲ್ಲ. ಎಣ್ಣೆ ಮಿಷನ್ನಿಂದೇ ಆಕ್ಬೇಕು, ಅರಳೆಣ್ಣೆ ಆಕುದ್ರೆ ಕಚ್ಕತದೆ. ಬರ್ಕಳಿ."

ಕನಕರಾಜು ನಕ್ಕು, ಅದನ್ನೆಲ್ಲ ಬರೆಯಲು ಇಲ್ಲಿ ಜಾಗವಿಲ್ಲ ಎಂದ. ಎರಡು ಅಂಗುಲದ ಖಾನೆಯಲ್ಲಿ 'ಹಳೆಯದು' ಎಂದು ಬರೆದು ರಸೀದಿ ಹರಿದು ಕೊಟ್ಟ. ದುಪ್ಪಟಿಯನ್ನು ತಿಮ್ಮಯ್ಯ ವಾಪಸ್ಸು ಕೇಳಿ ಇಸಕೊಂಡ.

ಮಧ್ಯಾಹ್ನದ ಟ್ರಿಪ್ಪಿಗೆ ಮತ್ತೆ ಅದೇ ಬಸ್ಸು. ಕಿಟಕಿಯ ಪಕ್ಕ ಕೂತ. ಅವನ ಪಕ್ಕಕ್ಕೆ ಮಳವಳ್ಳಿಗೆ ಹೋಗುವ ಒಬ್ಬ ಮುದುಕಿ ಬಂದು ಕೂತಳು, ಕೈಯಲ್ಲಿ ಬಾಳೆಗೊನೆ. ಹೆಸರು ಚಿಕ್ಕನಂಜಮ್ಮ ಎಂದು ತಾನೇ ಹೇಳಿಕೊಂಡಳು. ಮಗಳ ಊರು, ಅಳಿಯನ ಬುದ್ಧಿ, ಮೊಣಕಾಲಿನ ನೋವು ಎಲ್ಲವನ್ನೂ ಹೇಳಿದಳು. ಭಾರತೀನಗರ ಬರುವ ಹೊತ್ತಿಗೆ ಅವಳ ಸರಕು ಮುಗಿದು, ಅವನ ತೊಡೆಯ ಮೇಲೆ ಮಡಚಿದ್ದ ದುಪ್ಪಟಿಯ ಕಡೆ ಕಣ್ಣು ಹಾಯಿಸಿ ಅದರಲ್ಲಿ ಏನಿತ್ತು ಎಂದು ಕೇಳಿದಳು.

"ಕೋವಿ" ಎಂದ ತಿಮ್ಮಯ್ಯ. ಸೊಂಟ ನೆಟ್ಟಗಾಯಿತು. "ಅಂತಿಂತ ಕೋವಿಯಲ್ಲ ಕಣಮ್ಮ, ಕಾರ್ಬೈನು. ತೆಂಗಿನ್ಕಾಯಿ ಮಡಗಿ ಒಡುದ್ರೆ ಇನ್ನೂರು ಗಜದಿಂದ..."

ಮುದುಕಿ "ಹೂಂ" ಎಂದಳು.

ಬಸ್ಸು ಕಬ್ಬಿನ ಗದ್ದೆಗಳ ನಡುವೆ ಓಡುತ್ತಿತ್ತು. ಹಿಂದಿನ ಬಾಗಿಲಲ್ಲಿ ಶಿವರಾಜು ಯಾರಿಗೋ ಚೀಟಿ ಹರಿಯುತ್ತಿದ್ದ. ತಿಮ್ಮಯ್ಯ ತನ್ನ ಬಲಭುಜದ ಕಡೆಗೆ ತಿರುಗಿದ. ಅಲ್ಲಿ ಕಿಟಕಿ, ಕಿಟಕಿಯ ಆಚೆ ಬರೀ ಬಿಸಿಲು. ಒಂದು ಸ್ಟಾಪು ಕಳೆಯುವವರೆಗೂ ಕಾದ.

"ಅರವತ್ತು" ಎಂದ ಕೊನೆಗೆ, ತಾನೇ. "ಇನ್ನೂರಲ್ಲ ಕಣಮ್ಮ. ಅರವತ್ತು ಗಜ."